ಕಾಯಲಾಗುವಷ್ಟೇ ತೋಟ: ಕೃಷಿಕ ಮೀನೊಂದು ಕಲಿಸಿದ ಪಾಠ

ಕೃಷಿ ಪತ್ರಿಕೆಯಲ್ಲಿ ಸಮುದ್ರದ ಮೀನಿನ ಕಥೆ ಯಾಕೆ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ನಾನು ಮೀನು ಹಿಡಿದವನಲ್ಲ, ಸಾಕಿದವನೂ ಅಲ್ಲ. ನನಗಿರುವುದು ಎರಡು ಎಕ್ರೆ. ಮನೆ ಸುತ್ತ ಒಂದೂವರೆ ಎಕ್ರೆ ಅಡಿಕೆ, ತೋಡಿನ ಆಚೆ ಅರ್ಧ ಎಕ್ರೆ. ಈ ಅರ್ಧ ಎಕ್ರೆಗೆ ನಮ್ಮಲ್ಲಿ 'ಕೆಳಗಿನ ತುಂಡು' ಎನ್ನುವುದು ವಾಡಿಕೆ.

ಆದರೆ ನಾನು ಹೇಳಹೊರಟ ಮೀನು ಬೆಳೆ ಬೆಳೆಯುತ್ತದೆ. ಕಳೆ ಕೀಳುತ್ತದೆ. ಕಾವಲು ಕಾಯುತ್ತದೆ. ಅದರ ದಾಯಾದಿಯೊಂದು ಗೊಬ್ಬರಕ್ಕೆ 'ಹಟ್ಟಿ'ಯನ್ನೂ ಇಟ್ಟುಕೊಂಡಿದೆ. ಕೆಳಗಿನ ತುಂಡಿನ ವಿಷಯದಲ್ಲಿ ನಾಲ್ಕು ವರ್ಷ ತೀರ್ಮಾನಕ್ಕೆ ಬರಲಾಗದೆ ಒದ್ದಾಡಿದ ನನಗೆ ಕೊನೆಗೆ ದಾರಿ ತೋರಿಸಿದ್ದು ಈ ಗೇಣುದ್ದವೂ ಇಲ್ಲದ ಮೀನು. ಹಾಗಾಗಿ ಬರೆಯುತ್ತಿದ್ದೇನೆ.

ಬೆರಳು ಕಚ್ಚಿದ ಮೀನು

2017ರ ಜನವರಿಯಲ್ಲಿ ಲಕ್ಷದ್ವೀಪಕ್ಕೆ ಹೋಗಿದ್ದೆ. ಅಕ್ಕನ ಮಗ ಕೆಲಸದ ನಿಮಿತ್ತ ಕಡಮತ್ ದ್ವೀಪದಲ್ಲಿದ್ದ. ಕಡಮತ್, ಅಮಿನಿ ಮೊದಲಾದ ಬಡಗಣ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ನಮ್ಮ ಕಡೆಯ ತರಕಾರಿ ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಹೋಗುವುದೂ ನಿಮಗೆ ಗೊತ್ತಿರಬಹುದು. ಆದರೂ ನಮ್ಮಂಥವರು ಹೋಗಿ ನೋಡುವುದು ಕಡಿಮೆ.

ಅಲ್ಲಿ ಹವಳದ ದಿಬ್ಬದ ಒಳಗಡೆ ಸೊಂಟ ಮಟ್ಟದ ನೀರು. ತಳ ಕಾಣುತ್ತದೆ. ಅಳಿಯ ಕಣ್ಣಿಗೆ ಕಟ್ಟುವ ಗಾಜು ಕೊಟ್ಟು, "ಮಾವ, ಮುಖ ಮಾತ್ರ ಮುಳುಗಿಸಿ, ಸಾಕು" ಎಂದ. ಸತ್ತ ಹವಳದ ಕೊಂಬೆಗಳ ಮೇಲೆ ಒಂದು ಕಡೆ ಕಂದು-ಕೆಂಪು ಬಣ್ಣದ ಪಾಚಿ, ವೆಲ್ವೆಟ್ ಬಟ್ಟೆ ಹಾಸಿದ ಹಾಗೆ ಇತ್ತು. ಸುತ್ತಮುತ್ತ ಹವಳ ಬೋಳು. ಏನಿದು ಎಂದು ಕೈ ಹಾಕಿದೆ. ಎಲ್ಲಿಂದಲೋ ಒಂದು ಮಬ್ಬು ಕಪ್ಪು ಬಣ್ಣದ ಪುಟ್ಟ ಮೀನು ಬಂದು ಬೆರಳಿಗೆ ಕಚ್ಚಿತು! ರಕ್ತ ಬರಲಿಲ್ಲ, ಗಾಬರಿಯಾಯಿತು. ಕೈ ತೆಗೆದೆ. ಅದು ಓಡಿ ಹೋಗಲಿಲ್ಲ. ನನ್ನ ಮುಖದ ಎದುರೇ ನಿಂತು ನೋಡುತ್ತಾ ಇತ್ತು.

ಅಳಿಯ ನಗುತ್ತಾ ಹೇಳಿದ, "ಅದೂ ನಿಮ್ಮ ಹಾಗೇ ಕೃಷಿಕ, ಮಾವ. ನೀವು ಅದರ ತೋಟಕ್ಕೆ ಕೈ ಹಾಕಿದ್ದೀರಿ."

ತಮಾಷೆ ಎಂದುಕೊಂಡೆ. ಊರಿಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ಅವನು ವಿಜ್ಞಾನಿಗಳು ಬರೆದದ್ದನ್ನು ಹುಡುಕಿ, ಫೋನಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ. ನಾನು ಕೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಬೆಳೆ ಯಾವುದು, ಯಾಕೆ?

ಈ ಬಳಗಕ್ಕೆ ಡ್ಯಾಮ್ಸೆಲ್ ಮೀನು ಎಂದು ಹೆಸರು. ಬಿಸಿ ಸಮುದ್ರಗಳ ಆಳವಿಲ್ಲದ ಹವಳದ ದಿಬ್ಬಗಳಲ್ಲಿ ಇವುಗಳ ವಾಸ. ಎಲ್ಲವೂ ಕೃಷಿಕರಲ್ಲ. ಕೃಷಿ ಮಾಡುವವುಗಳಲ್ಲಿ ಹೆಚ್ಚು ಅಧ್ಯಯನ ಆದದ್ದು ಸ್ಟೆಗ್ಯಾಸ್ಟಿಸ್ ನೈಗ್ರಿಕಾನ್ಸ್ ಎಂಬ ಜಾತಿ. ಆಫ್ರಿಕದ ಪೂರ್ವ ಕರಾವಳಿಯಿಂದ ಮಾಲ್ಡೀವ್ಸ್, ಜಪಾನಿನ ದಕ್ಷಿಣ ದ್ವೀಪಗಳು, ಆಸ್ಟ್ರೇಲಿಯಾದ ತನಕ ಇದು ಉಂಟು. ಎಷ್ಟು ಬೆಳೆದರೂ 14-15 ಸೆಂಟಿಮೀಟರ್.

ಒಂದು ಮೀನಿನ ತೋಟ ಒಂದು ಚದರ ಮೀಟರಿನ ಆಚೀಚೆ. ನಮ್ಮ ಲೆಕ್ಕದಲ್ಲಿ ಒಂದು ತರಕಾರಿ ಓಳಿಯಷ್ಟೂ ಇಲ್ಲ. ಆದರೆ ಉಣ್ಣುವುದು ಅಲ್ಲೇ, ರಾತ್ರಿ ಅಡಗಿ ಮಲಗುವುದು ಅಲ್ಲೇ. ಹೆಣ್ಣು ಮೊಟ್ಟೆ ಇಟ್ಟರೆ ಗಂಡು ಕಾವಲು ನಿಲ್ಲುವುದೂ ಅಲ್ಲೇ. ಮನೆ, ತೋಟ, ತೊಟ್ಟಿಲು ಎಲ್ಲ ಒಂದೇ ಜಾಗದಲ್ಲಿ.

ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಹಿರೋಕಿ ಹಾಟಾ ಮತ್ತು ಮಕೋಟೊ ಕಾಟೊ ಎಂಬ ಇಬ್ಬರು ಸಂಶೋಧಕರು ಈ ತೋಟಗಳನ್ನು ವರ್ಷಗಟ್ಟಲೆ ನೋಡಿದರು. ತೋಟದಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಬೆಳೆ. ಪಾಲಿಸೈಫೋನಿಯಾ ಎಂಬ ನೂಲಿನಂತಹ ಕೆಂಪು ಪಾಚಿ. ಪಕ್ಕದಲ್ಲೇ ಹತ್ತಾರು ಬಗೆಯ ಪಾಚಿ ಬೆಳೆಯುವ ಸಮುದ್ರ ಅದು. ಅಂಥಲ್ಲಿ ಒಂದೇ ಬೆಳೆ ಎಂದರೆ ತಾನಾಗಿ ಆಗುವ ಮಾತಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಬೆಳೆ ಯಾಕೆ? ಮೀನಿನ ಹೊಟ್ಟೆಯ ಕಾರಣಕ್ಕೆ. ದನಕ್ಕಿರುವ ಹಾಗೆ ನಾರನ್ನು ಅರೆದು ಕರಗಿಸುವ ಏರ್ಪಾಟು ಇದಕ್ಕಿಲ್ಲ. ಗಟ್ಟಿ ಪಾಚಿ ತಿಂದರೆ ಮೈಗೆ ಹತ್ತುವುದಿಲ್ಲ. ಪಾಲಿಸೈಫೋನಿಯಾ ಮೆತ್ತಗೆ, ಸುಲಭದಲ್ಲಿ ಜೀರ್ಣವಾಗುವಂಥದ್ದು. ಎಳೆ ಹರಿವೆ ಇದ್ದ ಹಾಗೆ ಎನ್ನಿ.

ಆದರೆ ಮೆತ್ತಗಿನ ಬೆಳೆಗೆ ಎರಡು ಕಷ್ಟ. ತಿನ್ನಲು ಎಲ್ಲರಿಗೂ ಅದೇ ಬೇಕು. ಜೊತೆಗೆ, ಗಟ್ಟಿ ಜಾತಿಯ ಪಾಚಿಗಳ ಎದುರು ಅದು ಪೈಪೋಟಿಯಲ್ಲಿ ಸೋಲುತ್ತದೆ. ಹಾಗಾಗಿಯೇ ಮೀನಿಗೆ ಎರಡು ಕೆಲಸ: ಒಂದು ಕಳೆ ಕೀಳುವುದು, ಇನ್ನೊಂದು ಕಾಯುವುದು.

ಕಳೆ ಕೀಳುವ ಕ್ರಮ

ಬೇರೆ ಪಾಚಿಯ ಎಳೆ ತೋಟದೊಳಗೆ ಮೂಡಿತೆಂದರೆ ಮೀನು ಅದನ್ನು ಬಾಯಿಂದ ಕಿತ್ತು, ಗಡಿಯ ಹೊರಗೆ ಒಯ್ದು ಉಗಿದು ಬರುತ್ತದೆ. ಇದು ಹಾಟಾ ಮತ್ತು ಕಾಟೊ 2002ರಲ್ಲಿ ಪ್ರಕಟಿಸಿದ ವಿಷಯ. ಗಮನಿಸಿ, ಕಿತ್ತದ್ದನ್ನು ಅಲ್ಲೇ ಬಿಡುವುದಿಲ್ಲ. ಕಳೆ ಎಳೆಯದಿರುವಾಗಲೇ ಕೀಳುತ್ತದೆ, ದಿನಾ ಕೀಳುತ್ತದೆ. 'ಮಳೆ ಬಿಡಲಿ, ಆಳು ಸಿಗಲಿ, ಆಮೇಲೆ ಒಟ್ಟಿಗೆ ತೆಗೆಸುವಾ' ಎಂಬ ನಮ್ಮ ಲೆಕ್ಕಾಚಾರ ಅದಕ್ಕಿಲ್ಲ.

ಎಲ್ಲ ಊರಿನ ಮೀನೂ ಒಂದೇ ಕ್ರಮದಲ್ಲಿ ಕೃಷಿ ಮಾಡುವುದಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿದ ವಿಷಯ. 2010ರಲ್ಲಿ ಹಾಟಾ ಮತ್ತು ಜೊತೆಗಾರರು ಈಜಿಪ್ಟಿನಿಂದ ಆಸ್ಟ್ರೇಲಿಯಾ ತನಕದ ತೋಟಗಳನ್ನು ಹೋಲಿಸಿ ನೋಡಿದರು. ಓಕಿನಾವಾದಲ್ಲಿ ಅಪ್ಪಟ ಏಕಬೆಳೆ. ಅದೇ ಜಾತಿಯ ಮೀನು ಮಾಲ್ಡೀವ್ಸ್, ಕೆನ್ಯಾ, ಈಜಿಪ್ಟ್ ಕಡೆ ಅದೇ ಪಾಚಿಯನ್ನು ಬೇರೆ ಪಾಚಿಗಳ ಜೊತೆ ಸೇರಿಸಿ ಬೆಳೆಯುತ್ತದೆ. ಅಂದರೆ ಮಿಶ್ರಬೆಳೆ. ಘಟ್ಟದ ಮೇಲೊಂದು ಕ್ರಮ, ಕೆಳಗೊಂದು ಕ್ರಮ ನಮ್ಮಲ್ಲೂ ಇಲ್ಲವೇ?

ಬೇಲಿ ಇಲ್ಲ, ಕಾವಲು ಉಂಟು

ನೀರಿನಲ್ಲಿ ಬೇಲಿ ಹಾಕುವುದೆಲ್ಲಿಂದ? ಮೀನು ತಾನೇ ಬೇಲಿ. ತನಗಿಂತ ಎಷ್ಟೋ ಪಾಲು ದೊಡ್ಡದನ್ನು ಓಡಿಸುತ್ತದೆ. ಮುಳುಗುಗಾರರ ಕೈಗೂ ಕಚ್ಚುತ್ತದೆ, ನನಗೆ ಕಚ್ಚಿದ ಹಾಗೆ.

ಆದರೆ ಕಂಡಕಂಡವರ ಮೇಲೆ ಒಂದೇ ರೀತಿ ಎರಗುವುದಿಲ್ಲ. ಕೆರಿಬಿಯನ್ ಕಡಲಿನಲ್ಲಿ ಇದರ ದಾಯಾದಿ ಮೂರುಚುಕ್ಕೆ ಡ್ಯಾಮ್ಸೆಲನ್ನು ಗಮನಿಸಿದವರು ಕಂಡದ್ದು ಇದು: ಪಾಚಿ ಮೇಯುವ ಮೀನಾದರೆ ದೂರದಲ್ಲೇ ಅಟ್ಟುತ್ತದೆ. ಪಾಚಿಯ ಗೊಡವೆಗೆ ಹೋಗದ ಮೀನು ತೀರಾ ಹತ್ತಿರ ಬಂದರೂ ಅಷ್ಟಾಗಿ ಗಣಿಸುವುದಿಲ್ಲ. ಪಾಚಿ ಕೆರೆದು ತಿನ್ನುವ ಕಡಲ ಮುಳ್ಳುಚೆಂಡು ಒಳಗೆ ಬಂದರೆ, ಚಿಕ್ಕದಾದರೆ ಮುಳ್ಳನ್ನು ಬಾಯಲ್ಲಿ ಕಚ್ಚಿ ಎತ್ತಿ ಹೊರಗೆ ಹಾಕುತ್ತದೆ. ದೊಡ್ಡದಾದರೆ ಮುಳ್ಳುಗಳನ್ನು ಕಡಿದು ಕಡಿದು ಅಲ್ಲಿಂದ ಏಳಿಸುತ್ತದೆ. ಯಾರಿಂದ ನಷ್ಟ, ಯಾರಿಂದ ಇಲ್ಲ ಎಂಬುದು ಅದಕ್ಕೆ ಗೊತ್ತು. ಶಕ್ತಿ ದಂಡ ಮಾಡುವುದಿಲ್ಲ.

ಇಷ್ಟಾದರೂ ಸೋಲು ಇಲ್ಲವೇ? ಉಂಟು. ಗಿಳಿಮೀನು, ಸರ್ಜನ್ ಮೀನುಗಳು ಒಂಟಿಯಾಗಿ ಬಂದರೆ ಏಟು ತಿಂದು ಹೋಗುತ್ತವೆ. ಆದರೆ ಹಿಂಡು ಕಟ್ಟಿಕೊಂಡು ಬಂದರೆ ಕೃಷಿಕ ಒಂದನ್ನು ಅಟ್ಟುವಷ್ಟರಲ್ಲಿ ಉಳಿದವು ಮೇಯುತ್ತವೆ. ಪನಾಮಾ ಕರಾವಳಿಯ ಗಿಳಿಮೀನುಗಳ ಬಗ್ಗೆ 1976ರಲ್ಲೇ ಇದು ಪ್ರಕಟವಾಗಿದೆ. ಮಂಗಗಳ ಹಿಂಡಿನ ಎದುರು ಕವಣೆ ಹಿಡಿದು ನಿಂತವರಿಗೆ ಇದನ್ನು ಹೆಚ್ಚು ವಿವರಿಸುವುದು ಬೇಡ.

ಹಾಗಾಗಿಯೋ ಏನೋ ನೈಗ್ರಿಕಾನ್ಸ್ ಮೀನುಗಳು ಹೆಚ್ಚಾಗಿ ಒತ್ತೊತ್ತಾಗಿ ತೋಟ ಮಾಡುತ್ತವೆ. ಒಬ್ಬನ ಗಡಿಗೆ ತಾಗಿ ಇನ್ನೊಬ್ಬನ ಗಡಿ. ಎಲ್ಲರೂ ಅವರವರ ಬದಿ ಕಾದರೂ ಒಟ್ಟು ಜಾಗಕ್ಕೆ ಕಾವಲಾಗುತ್ತದೆ. ನೆರೆಯವನ ತೋಟ ಪಾಳು ಬಿದ್ದರೆ ನಮ್ಮ ತೋಟಕ್ಕೆ ಹಂದಿ ಬರುವ ದಾರಿ ತೆರೆದ ಹಾಗೆ ಎನ್ನುವುದು ಈಗ ನಮ್ಮ ಹಳ್ಳಿಗಳಲ್ಲಿ ಕಣ್ಣಿಗೆ ಕಾಣುತ್ತಿರುವ ವಿಷಯವೇ.

ಕೃಷಿಕನನ್ನು ತೆಗೆದು ನೋಡಿದರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದೇ ಹಾಟಾ ಮತ್ತು ಕಾಟೊ ಓಕಿನಾವಾದ ಒಂದು ದಿಬ್ಬದಿಂದ ಕೃಷಿಕ ಮೀನುಗಳನ್ನೆಲ್ಲ ಹಿಡಿದು ತೆಗೆದರು. ಕೆಲವು ತೋಟಗಳನ್ನು ಹಾಗೇ ಬಿಟ್ಟರು. ಕೆಲವಕ್ಕೆ ಬೇರೆ ಮೀನು ನುಗ್ಗದ ಹಾಗೆ ಪಂಜರ ಮುಚ್ಚಿದರು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು.

ತೆರೆದಿಟ್ಟ ತೋಟಗಳನ್ನು ಮೇಯುವ ಮೀನುಗಳು ಕೆಲವೇ ದಿನಗಳಲ್ಲಿ ಬೋಳು ಮಾಡಿದವು. ಇದು ಯಾರೂ ಊಹಿಸಬಹುದಾದ್ದು. ಪಂಜರದೊಳಗಿನ ತೋಟ ಉಳಿಯಬೇಕಿತ್ತಲ್ಲ? ಅದೂ ಉಳಿಯಲಿಲ್ಲ. ಮೇಯುವವರು ಇಲ್ಲ, ಸರಿ. ಆದರೆ ಕಳೆ ಕೀಳುವವನೂ ಇಲ್ಲ. ಬೇರೆ ಪಾಚಿಗಳು ಒಂದೊಂದಾಗಿ ಬಂದು ಪಾಲಿಸೈಫೋನಿಯಾವನ್ನು ಮುಚ್ಚಿಬಿಟ್ಟವು. 2006ರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ಈ ಕೃಷಿಯ ಪಾಚಿ ಕಾಣಸಿಗುವುದು ಈ ಮೀನಿನ ತೋಟದಲ್ಲೇ, ಹೊರಗಡೆ ಅದಕ್ಕೆ ಬದುಕಿಲ್ಲ. ಮೀನಿಗೆ ಪಾಚಿ ಬೇಕು, ಪಾಚಿಗೆ ಮೀನು ಬೇಕು.

ಅಳಿಯ ಇದನ್ನು ಓದಿ ಹೇಳಿದ ದಿನ ನಾನು ಫೋನ್ ಹಿಡಿದು ಸುಮ್ಮನೆ ಕೂತೆ. ಯಾಕೆಂದರೆ ಈ ಪ್ರಯೋಗದ ಎರಡೂ ಭಾಗಗಳು ನನ್ನ ತೋಟದಲ್ಲೇ ನಡೆದಿದ್ದವು.

2021ರ ಮಳೆಗಾಲದಲ್ಲಿ ಸೊಂಟದ ನರ ಒತ್ತಿ ನಾನು ಮೂರು ತಿಂಗಳು ಹಾಸಿಗೆ ಹಿಡಿದಿದ್ದೆ. ಮಗ ಬೆಂಗಳೂರಿನಲ್ಲಿ. ಮನೆಯಾಕೆ ನನ್ನನ್ನು ನೋಡುವುದೋ, ತೋಟ ನೋಡುವುದೋ? ಎದ್ದು ಕೋಲೂರಿ ಕೆಳಗಿನ ತುಂಡಿಗೆ ಹೋಗುವಾಗ ನವರಾತ್ರಿ ಹತ್ತಿರ ಬಂದಿತ್ತು. ಅಲ್ಲಿ ನೇಂದ್ರ ಬಾಳೆ, ಮರಗೆಣಸು ಇದ್ದ ಜಾಗವನ್ನು ಹಂದಿ ಉತ್ತು ಹಾಕಿತ್ತು. ಉಳಿದ ಬಾಳೆಗೊನೆ ಮಂಗಗಳ ಪಾಲು. ತೆರೆದಿಟ್ಟ ತೋಟದ ಗತಿ ಅದು.

ಅದರ ಪಕ್ಕದಲ್ಲೇ ತಂತಿ ಬಲೆ ಸುತ್ತಿ ನೂರಿಪ್ಪತ್ತು ಅಡಿಕೆ ಸಸಿ ನೆಟ್ಟಿದ್ದೆ. ಬಲೆ ಹರಿದಿರಲಿಲ್ಲ. ಒಳಗೆ ಹಂದಿ ನುಗ್ಗಿರಲಿಲ್ಲ. ಸಮಾಧಾನದಿಂದ ಬಾಗಿಲು ತೆಗೆದರೆ ಸಸಿಗಳೇ ಕಾಣುವುದಿಲ್ಲ! ಕಾಡುಬಳ್ಳಿ, ಮುಳಿಹುಲ್ಲು, ಕಮ್ಯುನಿಸ್ಟ್ ಸೊಪ್ಪು ಎದೆ ಮಟ್ಟಕ್ಕೆ. ಬಿಡಿಸಿ ನೋಡಿದಾಗ ಜೀವ ಇದ್ದದ್ದು ಮೂವತ್ತಮೂರು ಸಸಿಗೆ. ಬಲೆಗೆ ಖರ್ಚು ಮಾಡುವಾಗ 'ಇನ್ನು ಚಿಂತೆ ಇಲ್ಲ' ಎಂದಿದ್ದೆ. ಬೇಲಿ ಕಾಯುತ್ತದೆ, ಸರಿಯೇ. ಆದರೆ ಬೇಲಿ ಕಳೆ ಕೀಳುವುದಿಲ್ಲ.

ಸಮುದ್ರದೊಳಗಿನ 'ಹಟ್ಟಿ'

ಗೊಬ್ಬರದ ವಿಷಯ ಬಾಕಿ ಉಂಟು. ಮಧ್ಯ ಅಮೆರಿಕದ ಬೆಲೀಜ್ ದೇಶದ ಕರಾವಳಿಯಲ್ಲಿ ಕ್ಯಾರಿ ಬೋ ಎಂಬ ಪುಟ್ಟ ದ್ವೀಪ ಇದೆ. ಅಲ್ಲಿ ಇದೇ ಬಳಗದ ಉದ್ದರೆಕ್ಕೆಯ ಡ್ಯಾಮ್ಸೆಲ್ ಮೀನು ಪಾಚಿ ಬೆಳೆಯುತ್ತದೆ. ಅದರ ತೋಟದ ಮೇಲೆ ಹಗಲಿಡೀ ಅಕ್ಕಿಕಾಳಿನಂತಹ ಸೀಗಡಿಗಳ ಹಿಂಡು ತೇಲಿಕೊಂಡಿರುತ್ತದೆ. ಮೈಸಿಡ್ ಎಂದು ಅವುಗಳ ಹೆಸರು. ರೋಹನ್ ಬ್ರೂಕರ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು.

ಸೀಗಡಿಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ ತೋಟದ ಹೊರಗೆ ಇಟ್ಟರೆ ಬೇರೆ ಮೀನುಗಳು ತಿನ್ನಲು ಮುಗಿಬಿದ್ದವು. ತೋಟದೊಳಗೆ ಇಟ್ಟರೆ ಕೃಷಿಕ ಮೀನು ಅವುಗಳನ್ನು ಅಟ್ಟಿತು. ವಾಸನೆಯ ಪರೀಕ್ಷೆಯನ್ನೂ ಮಾಡಿದರು. ಕೃಷಿಕ ಮೀನಿನ ವಾಸನೆ ಇದ್ದ ನೀರಿನ ಕಡೆಗೆ ಸೀಗಡಿಗಳು ಹೋದವು, ತಮ್ಮನ್ನು ತಿನ್ನುವ ಮೀನಿನ ವಾಸನೆಯಿಂದ ದೂರ ಸರಿದವು. ಹಟ್ಟಿಯ ದನ ಯಜಮಾನನ ವಾಸನೆ ಹಿಡಿಯುವ ಹಾಗೆ!

ಮೀನಿಗೇನು ಲಾಭ? ಸೀಗಡಿ ಹಿಂಡಿನ ಹಿಕ್ಕೆ ತೋಟಕ್ಕೆ ಬೀಳುತ್ತದೆ, ಪಾಚಿಗೆ ಗೊಬ್ಬರ. ಸೀಗಡಿ ಇರುವ ತೋಟದ ಪಾಚಿ ಉತ್ತಮ, ಅಲ್ಲಿನ ಮೀನಿನ ಮೈಯೂ ಉತ್ತಮ ಎಂದು ಕಂಡುಬಂತು. ಮನುಷ್ಯನನ್ನು ಬಿಟ್ಟರೆ ಬೆನ್ನೆಲುಬಿನ ಪ್ರಾಣಿಯೊಂದು ಇನ್ನೊಂದು ಪ್ರಾಣಿಯನ್ನು ಹೀಗೆ ಸಾಕಿಕೊಂಡದ್ದಕ್ಕೆ ಇದು ಮೊದಲ ದಾಖಲೆ ಎಂದು ಅವರು ಹೇಳಿದ್ದಾರೆ. ಕೋಳಿ, ನಾಯಿ ಮುಂತಾದವು ಮೊದಲು ನಮ್ಮ ಬಳಿ ಆಸರೆಗೆ ಬಂದು ಹೀಗೆಯೇ ಸಾಕುಪ್ರಾಣಿ ಆಗಿರಬೇಕು ಎಂದೂ.

2014ರಲ್ಲಿ ನಾನು ಹಟ್ಟಿ ಖಾಲಿ ಮಾಡಿದವನು. ಸಗಣಿ ಹೊರುವುದು ತಪ್ಪಿತು ಎಂದು ಆವತ್ತು ಹಗುರಾಗಿತ್ತು. ಆಮೇಲೆ ವರ್ಷವರ್ಷವೂ ಲಾರಿ ಗೊಬ್ಬರಕ್ಕೆ ಕೊಟ್ಟ ದುಡ್ಡಿನ ಲೆಕ್ಕ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಮೀನು ಮಾಡುವ ಅನ್ಯಾಯ

ಈ ಮೀನನ್ನು ಆದರ್ಶ ಕೃಷಿಕ ಎಂದು ಮೆರೆಸುವ ಉದ್ದೇಶ ನನಗಿಲ್ಲ. ಮೂರುಚುಕ್ಕೆ ಡ್ಯಾಮ್ಸೆಲ್ ತೋಟಕ್ಕೆ ಜಾಗ ಬೇಕೆಂದು ಜೀವಂತ ಹವಳವನ್ನು ಕಚ್ಚಿ ಕಚ್ಚಿ ಸಾಯಿಸುತ್ತದೆ. ಸತ್ತ ಹವಳದ ಮೇಲೆ ಪಾಚಿ ಹಿಡಿಸುತ್ತದೆ. ನಾವು ಕಾಡು ಕಡಿದು ಕುಮೇರಿ ಮಾಡಿದ ಹಾಗೆಯೇ. ಆಸ್ಟ್ರೇಲಿಯಾದ ಹವಳ ದಿಬ್ಬಗಳಲ್ಲಿ ಇಂಥ ತೋಟಗಳಿರುವ ಕಡೆ ಹವಳಕ್ಕೆ ಒಂದು ಬಗೆಯ ರೋಗ ಹೆಚ್ಚು ಎಂದು 2014ರಲ್ಲಿ ವರದಿಯಾಗಿದೆ.

ಇನ್ನೊಂದು ಮಗ್ಗುಲೂ ಉಂಟು. ಹವಳವನ್ನೇ ತಿನ್ನುವ ಮೀನುಗಳಿವೆ. ಕೃಷಿಕ ಮೀನು ಅವುಗಳನ್ನೂ ಅಟ್ಟುವುದರಿಂದ ಕೆಲವು ನಾಜೂಕು ಹವಳಗಳು ಅದರ ಗಡಿಯೊಳಗೇ ಹೆಚ್ಚು ಬದುಕುತ್ತವೆ ಎಂಬ ಅಧ್ಯಯನಗಳಿವೆ. ಒಟ್ಟಿನಲ್ಲಿ ಕೃಷಿ ಎಂದರೆ ಯಾರಿಗೋ ಲಾಭ, ಯಾರಿಗೋ ನಷ್ಟ. ಆದರೆ ದಿಬ್ಬವೇ ಪುಡಿಯಾಗಿ ಹೋದರೆ ಮೀನಿಗೆ ಅಡಗಲು ಸಂದು ಇಲ್ಲ, ಪಾಚಿ ಹಿಡಿಸಲು ನೆಲೆ ಇಲ್ಲ. ಗುಡ್ಡೆ ಬೋಳಾದರೆ ಸೊಪ್ಪೂ ಇಲ್ಲ, ತೋಡಿನಲ್ಲಿ ನೀರೂ ಇಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದೂ ಇದನ್ನೇ.

ನಾನು ಮಾಡಿದ್ದು

ಕೆಳಗಿನ ತುಂಡು ನನ್ನ ಅಪ್ಪ ಗೇಣಿ ಕೊಟ್ಟು, ಆಮೇಲೆ ಡಿಕ್ಲರೇಶನ್ ಆಗಿ ಸಿಕ್ಕಿದ ಜಾಗ. ಅದನ್ನು ಬಿಡುವುದೆಂದರೆ ಅಪ್ಪನಿಗೆ ಅವಮಾನ ಮಾಡಿದ ಹಾಗೆ ಎಂಬ ಭಾವನೆ. ಮಗ "ಮಾರಿಬಿಡಿ ಅಪ್ಪ" ಎನ್ನುತ್ತಿದ್ದ. ನಾನು ಮಾರಲಾರೆ, ಮಾಡಲಾರೆ. ಹೀಗೇ ನಾಲ್ಕು ವರ್ಷ.

ಮೀನಿನ ವಿಷಯ ತಲೆಗೆ ಹೋದ ಮೇಲೆ ಒಂದು ಸಣ್ಣ ಲೆಕ್ಕ ಇಟ್ಟೆ. ಮೂವತ್ತು ದಿನ, ತೋಟದ ಯಾವ ಮೂಲೆಗೆ ಎಷ್ಟು ಸಲ ಕಾಲಿಟ್ಟೆ ಎಂದು ರಾತ್ರಿ ಬರೆದಿಡುವುದು. ಮನೆ ಬದಿಯ ತೋಟಕ್ಕೆ ದಿನಾ ಎರಡು ಸಲವಾದರೂ ಹೋಗಿದ್ದೆ. ಪಡುವಣ ಮೂಲೆಗೆ ಎರಡು ದಿನಕ್ಕೊಮ್ಮೆ. ಕೆಳಗಿನ ತುಂಡಿಗೆ ತಿಂಗಳಲ್ಲಿ ಮೂರೇ ಸಲ! ಅದೂ ಒಂದು ಸಲ ಹೋದದ್ದು ಕಳೆದುಹೋದ ಕತ್ತಿ ಹುಡುಕಲು. ದಾಖಲೆಯಲ್ಲಿ ಆ ಜಾಗ ನನ್ನದು. ಕೆಲಸದಲ್ಲಿ ಅದು ಎಂದೋ ನನ್ನ ಕೈ ಬಿಟ್ಟಿತ್ತು.

ಆಮೇಲೆ ತೀರ್ಮಾನ ಕಷ್ಟವಾಗಲಿಲ್ಲ. ಕೆಳಗಿನ ತುಂಡಿನಲ್ಲಿ ಕಾವಲು, ಕಳೆ ಎರಡೂ ಬೇಕಾಗುವ ಬೆಳೆ ನಿಲ್ಲಿಸಿದೆ. ಬದಲಿಗೆ ಹೆಬ್ಬಲಸು, ಪುನರ್ಪುಳಿ, ಮಾವು, ಹೊನ್ನೆ ಇಟ್ಟೆ. ಮೊದಲ ಎರಡು ವರ್ಷ ಬುಡ ಬಿಡಿಸಬೇಕು, ಆಮೇಲೆ ಅವು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಮಂಗ ತಿಂದರೆ ತಿನ್ನಲಿ, ಸ್ವಲ್ಪವಾದರೂ ಅಲ್ಲೇ ತಡೆದು ನಿಲ್ಲಲಿ. ಬದುಕಿ ಉಳಿದ ಸಸಿಗಳನ್ನು ಕಿತ್ತು ತಂದು ಮನೆ ತೋಟದ ಎಡೆಗಳಿಗೆ ನೆಟ್ಟೆ. ಒಂದು ಗಿಡ್ಡ ತಳಿಯ ದನ ತಂದು ಹಟ್ಟಿಗೆ ಮತ್ತೆ ಜೀವ ಬಂತು. ಒಂದೇ ದನ. ನನ್ನ ಸೊಂಟಕ್ಕೆ ಅದಕ್ಕಿಂತ ಹೆಚ್ಚು ಆಗದು. ಮನೆ ತೋಟದ ಕಳೆಯನ್ನು ಈಗ ಒಟ್ಟಿಗೆ ತೆಗೆಸುವುದಿಲ್ಲ. ದಿನಾ ಬೆಳಿಗ್ಗೆ ಹತ್ತು ಅಡಿಕೆ ಮರದ ಬುಡ, ಅಷ್ಟೇ.

ನಷ್ಟ ಇಲ್ಲವೆಂದಲ್ಲ. ಬಾಳೆಯ ಆದಾಯ ಹೋಯಿತು. ನೋಡಿದವರು "ಜಾಗ ಕಾಡಿಗೆ ಬಿಟ್ಟಿರಾ?" ಎಂದು ಕೇಳುತ್ತಾರೆ. ಮಗನಿಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಉಳಿದ ಒಂದೂವರೆ ಎಕ್ರೆಯಲ್ಲಿ ಯಾವ ಮರಕ್ಕೆ ಏನಾಗಿದೆ ಎಂದು ನಡುರಾತ್ರಿ ಕೇಳಿದರೂ ಹೇಳಬಲ್ಲೆ. ಹತ್ತು ವರ್ಷದಿಂದ ನನಗೆ ಹಾಗೆ ಹೇಳಲು ಆಗುತ್ತಿರಲಿಲ್ಲ.

ಮನೆಯಾಕೆಗೆ ಈ ಬರಹ ಓದಿ ಹೇಳಿದೆ. "ಒಂದು ಮೀನಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಾಗಲು ಅರುವತ್ತು ವರ್ಷ ಬೇಕಾಯ್ತಲ್ಲ" ಎಂದಳು.

ನೀವೂ ಒಂದು ತಿಂಗಳು ಆ ಲೆಕ್ಕ ಇಟ್ಟು ನೋಡಿ. ಖರ್ಚಿಲ್ಲ, ಒಂದು ಹಳೆ ಪುಸ್ತಕ, ಪೆನ್ಸಿಲ್ ಸಾಕು. ನಿಮ್ಮ ಕಾಲು ಹೋಗದ ಮೂಲೆ ಯಾವುದೆಂದು ಗೊತ್ತಾದ ಮೇಲೆ ಅಲ್ಲಿ ಏನು ಬೆಳೆಯಬೇಕು, ಏನು ಬಿಡಬೇಕು ಎಂಬುದನ್ನು ಆ ಮೂಲೆಯಲ್ಲೇ ನಿಂತು ಯೋಚಿಸಿ. ಬೇರೆ ದಾರಿ ಕಂಡವರು ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಓದಲು ನಾನು ಕಾದಿರುತ್ತೇನೆ.